ಹೊಟ್ಟೆಯ ಕಾಯಿಲೆಯನ್ನು ನಾಳೆಗೆ ಮುಂದೂಡಬೇಡಿ

(ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ರೈತರ ಸಭೆಯಲ್ಲಿ ಆಡಿದ ಮಾತು)



ಅಡಿಕೆ ದರದ ಬಗ್ಗೆ, ಸೊಸೈಟಿ ಸಾಲದ ಬಗ್ಗೆ ನನಗಿಂತ ಮುಂಚೆ ಮಾತಾಡಿದವರು ಚೆನ್ನಾಗಿಯೇ ಹೇಳಿದ್ದಾರೆ. ನಾನು ಅದೇ ಸಾಲದ ಇನ್ನೊಂದು ಬಾಗಿಲ ಬಗ್ಗೆ ಹೇಳ್ತೇನೆ. ನಮ್ಮ ಮೂರು ತಾಲೂಕಿನ ರೈತ ಸಾಲಕ್ಕೆ ಬೀಳೋದು ಯಾತಕ್ಕೆ ಅಂತ ಎಣಿಸ್ತಾ ಹೋಗಿ. ಕೊಳೆ ರೋಗ ಬಂತು, ದರ ಬಿತ್ತು, ಮಗಳ ಮದುವೆ ಆಯ್ತು, ಆಸ್ಪತ್ರೆ ಆಯ್ತು. ಮೊದಲ ಮೂರಕ್ಕೆ ನಾವು ಸಭೆ ಮಾಡ್ತೇವೆ, ಮನವಿ ಕೊಡ್ತೇವೆ, ರಸ್ತೆಗೆ ಇಳೀತೇವೆ. ನಾಲ್ಕನೆಯದಕ್ಕೆ ಮಾತ್ರ ಹಣೆಬರಹ ಅಂತ ಸುಮ್ಮನಾಗ್ತೇವೆ.

ಹಣೆಬರಹ ಸ್ವಲ್ಪ ಇರಬಹುದು, ನಾನು ಇಲ್ಲ ಅನ್ನೋದಿಲ್ಲ. ಆದರೆ ಆಸ್ಪತ್ರೆ ಸಾಲದ ದೊಡ್ಡ ಪಾಲು ಕಾಯಿಲೆಯಿಂದ ಬರೋದಲ್ಲ, ತಡದಿಂದ ಬರೋದು. ಅದರಲ್ಲೂ ಹೊಟ್ಟೆಯ ಕಾಯಿಲೆಗೆ ನಾವು ಮಾಡುವಷ್ಟು ತಡ ಇನ್ನು ಯಾವುದಕ್ಕೂ ಮಾಡೋದಿಲ್ಲ. ಕೈ ಮುರಿದರೆ ಆ ಗಳಿಗೆಯಲ್ಲೇ ಜೀಪು ಹತ್ತಿಸ್ತೇವೆ. ಹಾವು ಕಚ್ಚಿದರೆ ಊರೇ ಓಡ್ತದೆ. ಹೊಟ್ಟೆ ನೋವು ಅಂದರೆ ಮಾತ್ರ “ಪಿತ್ತ ಆಗಿರಬೇಕು, ಜೀರಿಗೆ ಕಷಾಯ ಕುಡಿ, ಬೆಳಿಗ್ಗೆ ನೋಡುವಾ” ಅಂತೇವೆ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರು ಅಂತ ಗಾದೆ ಉಂಟಲ್ಲ, ಹೊಟ್ಟೆಯ ವಿಷಯದಲ್ಲಿ ನಮ್ಮ ನಡೆ ಅದೇ.

ಕಷಾಯವನ್ನು ನಾನು ಹಳಿಯೋದಿಲ್ಲ. ಮದುವೆ ಮನೆಯಲ್ಲಿ ನಾಲ್ಕು ಹೋಳಿಗೆ ಹೆಚ್ಚು ತಿಂದವನಿಗೆ ಓಮದ ನೀರು, ಮುರುಗಲು ಹುಳಿ ಸಾರು ಸಾಕು. ನೂರು ಹೊಟ್ಟೆನೋವಿನಲ್ಲಿ ಹೆಚ್ಚಿನವು ಹಾಗೇ ಹೋಗ್ತವೆ. ಉಳಿದ ಕೆಲವನ್ನು ಗುರುತಿಸೋದು ಹೇಗೆ ಅನ್ನೋದೇ ಪ್ರಶ್ನೆ. ಅದಕ್ಕೆ ಡಾಕ್ಟರಿಕೆ ಓದಬೇಕಾಗಿಲ್ಲ. ದನ ಮೆಲುಕು ಹಾಕೋದು ಬಿಟ್ಟರೆ, ಎಡಗಡೆ ಹೊಟ್ಟೆ ಉಬ್ಬಿದರೆ ನಾವು ರಾತ್ರಿ ಹನ್ನೆರಡಕ್ಕೂ ಲಾಟೀನು ಹಿಡಿದು ಎದ್ದವರು. ಹಟ್ಟಿಯಲ್ಲಿ ಗೊತ್ತಾಗುವ ಲಕ್ಷಣ ಮನೆಯೊಳಗೆ ಯಾಕೆ ಗೊತ್ತಾಗಬಾರದು? ಕೈಬೆರಳಲ್ಲಿ ಐದು ಲಕ್ಷಣ ಹೇಳ್ತೇನೆ, ಲೆಕ್ಕ ಇಟ್ಟುಕೊಳ್ಳಿ.

ಮೊದಲನೆಯದು ರಕ್ತ. ವಾಂತಿಯಲ್ಲಿ ಕೆಂಪು ರಕ್ತ ಬಂದರೆ ಯಾರಿಗಾದರೂ ಹೆದರಿಕೆ ಆಗ್ತದೆ. ಆದರೆ ರಕ್ತ ಯಾವಾಗಲೂ ಕೆಂಪಾಗಿರೋದಿಲ್ಲ. ಜಠರದ ಹುಳಿಯಲ್ಲಿ ಕೂತ ರಕ್ತ ಕಾಫಿ ಗಷ್ಟಿನ ಹಾಗೆ ಕಂದು ಕಪ್ಪಾಗಿ ವಾಂತಿಯಾಗ್ತದೆ. ಕೆಳಗೆ ಹೋದ ರಕ್ತ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ನಾತದ ಮಲವಾಗಿ ಬರ್ತದೆ. ರಕ್ತದ ಗುಳಿಗೆ, ಅಂದರೆ ಕಬ್ಬಿಣದ ಗುಳಿಗೆ ತಿನ್ನುವವರಿಗೂ ಮಲ ಕಪ್ಪಾಗ್ತದೆ, ಅದು ಬೇರೆ. ಅದು ಅಂಟೋದಿಲ್ಲ, ಆ ನಾತವೂ ಇರೋದಿಲ್ಲ. ಅನುಮಾನ ಬಂದರೆ ರಕ್ತ ಅಂತಲೇ ತಿಳಿಯಿರಿ. ಅದರ ಜೊತೆ ತಲೆ ತಿರುಗಿದರೆ, ಮೈ ತಣ್ಣಗೆ ಬೆವತರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಒಳಗೆ ರಕ್ತ ಸೋರ್ತಾ ಉಂಟು ಅಂತ ಅರ್ಥ.

ಈ ರಕ್ತ ನಮ್ಮ ಕಡೆ ಎಲ್ಲಿಂದ ಬರ್ತದೆ ಅಂತ ಕೇಳಿ. ಕೊಯ್ಲಿನ ದಿನಗಳನ್ನು ನೆನಪು ಮಾಡಿಕೊಳ್ಳಿ. ಹಗಲು ತೋಟದಲ್ಲಿ ಕೊನೆ ಹೊರೋದು, ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋದು. ಸೊಂಟ ಹಿಡೀತದೆ, ಮಂಡಿ ಹಿಡೀತದೆ. ಪೇಟೆಗೆ ಹೋದವರ ಹತ್ತಿರ ಒಂದು ಹಾಳೆ ನೋವಿನ ಗುಳಿಗೆ ತರಿಸ್ತೇವೆ. ಬ್ರುಫೆನ್ ಆಗಲಿ, ಡೈಕ್ಲೋಫೆನಾಕ್ ಆಗಲಿ, ಖಾಲಿ ಹೊಟ್ಟೆಗೆ ದಿನಕ್ಕೆರಡು, ತಿಂಗಳುಗಟ್ಟಲೆ. ಈ ಗುಳಿಗೆ ನೋವನ್ನು ತಗ್ಗಿಸೋದು ನಿಜ. ಅದರ ಜೊತೆಗೆ ಜಠರದ ಒಳಗೋಡೆಯನ್ನು ಕಾಯುವ ಲೋಳೆಯನ್ನೂ ಅದು ಕಡಿಮೆ ಮಾಡ್ತದೆ. ಗೋಡೆ ಹುಣ್ಣಾಗಿ ರಕ್ತನಾಳ ಬಾಯಿ ಬಿಡ್ತದೆ. ಅರವತ್ತು ದಾಟಿದವರಿಗೆ, ಹೃದಯಕ್ಕೆ ಆಸ್ಪಿರಿನ್ ತಗೊಳ್ಳುವವರಿಗೆ, ಮೊದಲೇ ಹುಣ್ಣು ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಡಾಕ್ಟರು ಬರೆದ ಆಸ್ಪಿರಿನ್ನನ್ನು ನೀವಾಗಿ ಬಿಡಬೇಡಿ. ನೀವಾಗಿ ತಂದ ನೋವಿನ ಗುಳಿಗೆಯನ್ನು ಬಿಡಿ.

ಹುಣ್ಣಿನ ವಿಷಯದಲ್ಲಿ ಇನ್ನೊಂದು ಮಾತು. ಖಾರ ತಿಂದು, ಚಿಂತೆ ಮಾಡಿ ಹುಣ್ಣಾಗ್ತದೆ ಅಂತ ಡಾಕ್ಟರರೇ ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಎಂಬ ಇಬ್ಬರು ಡಾಕ್ಟರರು ಜಠರದೊಳಗೆ ಬದುಕುವ ಒಂದು ರೋಗಾಣುವೇ ಅದಕ್ಕೆ ದೊಡ್ಡ ಕಾರಣ ಅಂತ ತೋರಿಸಿದರು. ನಂಬದವರಿಗೆ ತೋರಿಸಲು ಮಾರ್ಷಲ್ 1984ರಲ್ಲಿ ಆ ರೋಗಾಣುವನ್ನು ತಾವೇ ಕುಡಿದು ಕಾಯಿಲೆ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ಇದರಿಂದ ನಮಗೇನು ಅಂದರೆ, ಇಪ್ಪತ್ತು ವರ್ಷದಿಂದ ‘ಗ್ಯಾಸ್ ಗುಳಿಗೆ’ ನುಂಗ್ತಾ ಇರುವವನಿಗೆ ಅನೇಕ ಸಲ ಎರಡು ವಾರದ ಸರಿಯಾದ ಔಷಧಿಯಿಂದ ಗುಣವಾಗ್ತದೆ. ಪರೀಕ್ಷೆ ಮಾಡಿಸಿದರೆ ಗೊತ್ತಾಗ್ತದೆ. ಮಾಡಿಸದೇ ಇದ್ದರೆ ಗುಳಿಗೆ ಲೆಕ್ಕ ಬೆಳೀತಾ ಹೋಗ್ತದೆ.

ಎರಡನೆಯದು ಜಾಗ ಬದಲಿಸುವ ನೋವು ಮತ್ತು ಗಟ್ಟಿಯಾದ ಹೊಟ್ಟೆ. ಹೊಕ್ಕುಳ ಸುತ್ತ ಶುರುವಾದ ನೋವು ಕೆಲವು ತಾಸಿನಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದು ಅಲ್ಲೇ ನಿಂತರೆ, ಊಟ ಸೇರದಿದ್ದರೆ, ಸಣ್ಣ ಜ್ವರ ಇದ್ದರೆ, ಕೆಮ್ಮಿದಾಗ, ಜೀಪು ಹಾರಿದಾಗ ಅಲ್ಲೇ ಚುಚ್ಚಿದರೆ ಅದು ಅಪೆಂಡಿಕ್ಸ್ ಇರಬಹುದು. ಇದರಲ್ಲಿ ಒಂದು ಮೋಸ ಉಂಟು. ಅಪೆಂಡಿಕ್ಸ್ ಒಡೆದಾಗ ನೋವು ಸ್ವಲ್ಪ ಹೊತ್ತು ಕಡಿಮೆಯಾದ ಹಾಗೆ ಕಾಣಬಹುದು. ಮನೆಯವರೆಲ್ಲ “ಅಂತೂ ಕಷಾಯ ಹಿಡೀತು” ಅಂತ ಮಲಗ್ತಾರೆ. ಬೆಳಗಾಗುವಷ್ಟರಲ್ಲಿ ಕೀವು ಹೊಟ್ಟೆಯೆಲ್ಲ ಹರಡಿರ್ತದೆ. ಹಾಗೆಯೇ ಹಳೇ ಹುಣ್ಣು ತೂತಾದರೆ ಚೂರಿ ಹಾಕಿದ ಹಾಗೆ ಒಮ್ಮೆಲೇ ನೋವು ಬಂದು ಹೊಟ್ಟೆ ಹಲಗೆಯ ಹಾಗೆ ಬಿಗೀತದೆ. ರೋಗಿ ಅಲುಗಾಡದೆ ಮಲಗ್ತಾನೆ. ಅಲುಗಾಡಲಿಕ್ಕೆ ಆಗೋದಿಲ್ಲ.

ಇಲ್ಲೇ ಒಂದು ಮಾತು ಸೇರಿಸ್ತೇನೆ, ತಾಯಂದಿರು ಕೇಳಿ, ಗಂಡಸರೂ ಕೇಳಿ. ಮುಟ್ಟು ಹಿಂದಾದ ಹೆಂಗಸಿಗೆ ಕೆಳಹೊಟ್ಟೆಯಲ್ಲಿ ಜೋರು ನೋವು ಬಂದು ತಲೆ ತಿರುಗಿ ಬಿದ್ದರೆ, ಬಸಿರು ಗರ್ಭಕೋಶದ ಹೊರಗೆ ನಳಿಕೆಯಲ್ಲಿ ನಿಂತು ಒಡೆದಿರಬಹುದು. ಹೊರಗೆ ಒಂದು ಹನಿ ಕಾಣದಿದ್ದರೂ ಒಳಗೆ ರಕ್ತ ತುಂಬ್ತಾ ಇರ್ತದೆ. ನಾಚಿಕೆಯಿಂದ ಹೇಳದೇ ಉಳಿದರೆ ಜೀವವೇ ಹೋಗ್ತದೆ. ನಮ್ಮ ಮನೆಗಳಲ್ಲಿ ಹೆಂಗಸರು ಎಲ್ಲರಿಗೂ ಬಡಿಸಿ ಆದಮೇಲೆ ತಮ್ಮ ನೋವು ಹೇಳೋದು. ಆ ಪದ್ಧತಿ ಬಿಡಿ.

ಮೂರನೆಯದು ಮುಚ್ಚಿದ ಹೊಟ್ಟೆ. ಹೊಟ್ಟೆ ಉಬ್ಬಿ, ಅಲೆ ಅಲೆಯಾಗಿ ನೋವು ಬಂದು, ವಾಂತಿಯಾಗಿ, ಮಲವೂ ಇಲ್ಲ ವಾಯುವೂ ಇಲ್ಲ ಅಂದರೆ ಕರುಳು ಎಲ್ಲೋ ಕಟ್ಟಿದೆ. ಹೊರೆ ಹೊತ್ತ ನಮ್ಮಲ್ಲಿ ಎಷ್ಟೋ ಜನಕ್ಕೆ ತೊಡೆಸಂದಿಯಲ್ಲಿ ಹರ್ನಿಯಾ ಉಂಟು. ಮಲಗಿದರೆ ಒಳಗೆ ಹೋಗ್ತದೆ ಅಂತ ವರ್ಷಗಟ್ಟಲೆ ಲಂಗೋಟಿ ಬಿಗಿದು ಕೆಲಸ ಮಾಡ್ತಾರೆ. ಆ ಗಂಟು ಒಂದು ದಿನ ಒಳಗೆ ಹೋಗದೆ ಗಟ್ಟಿಯಾಗಿ ನೋಯಲಿಕ್ಕೆ ಶುರುವಾದರೆ, ಸಿಕ್ಕಿಬಿದ್ದ ಕರುಳಿಗೆ ರಕ್ತ ಹೋಗ್ತಾ ಇಲ್ಲ ಅಂತ ತಿಳಿಯಬೇಕು. ಕೆಲವೇ ತಾಸಿನಲ್ಲಿ ಕರುಳು ಕೊಳೀತದೆ. ಒತ್ತಿ ತಳ್ಳಲು ಹೋಗಬೇಡಿ.

ನಾಲ್ಕನೆಯದು ಜ್ವರ ಕೂಡಿದ ಹೊಟ್ಟೆ. ಕಣ್ಣು ಹಳದಿಯಾಗಿ ಚಳಿಜ್ವರ ಬಂದರೆ, ಮಾತು ತಡವರಿಸಿದರೆ, ಹಗಲು ರಾತ್ರಿ ತಿಳಿಯದ ಹಾಗೆ ಮಲಗಿದರೆ, ಕಾಮಾಲೆಗೆ ಬೇರು ಕೊಡುವವರ ಮನೆ ಹುಡುಕ್ತಾ ಕೂರುವ ಹೊತ್ತಲ್ಲ ಅದು. ಗದ್ದೆ ನೀರಲ್ಲಿ ಕಾಲಿಟ್ಟು ದುಡಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಅಥವಾ ಹಳದಿ ಇದ್ದರೆ ಇಲಿಜ್ವರ ಇರಬಹುದು. ಮೊದಲೇ ಹಿಡಿದರೆ ಅದಕ್ಕೆ ಔಷಧಿ ಉಂಟು, ತಡವಾದರೆ ಮೂತ್ರಪಿಂಡ ಕೆಡ್ತದೆ.

ಸಿದ್ದಾಪುರದವರಿಗೆ ಇದರಲ್ಲಿ ಬೇರೆಯೇ ಒಂದು ಎಚ್ಚರಿಕೆ ಬೇಕು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಮತ್ತೆ ಕಾಣಿಸಿ ಜೀವ ತೆಗೆಯಿತು. ಅದು ಬರುವ ಕಾಲ ಹೆಚ್ಚಾಗಿ ಡಿಸೆಂಬರದಿಂದ ಮೇ ತನಕ, ಅಂದರೆ ನಾವು ಬೆಟ್ಟಕ್ಕೆ ದರಕಿಗೆ, ಕಟ್ಟಿಗೆಗೆ ಹೋಗುವ ಕಾಲ. ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು, ಅದರ ಜೊತೆ ವಾಂತಿ, ಭೇದಿ. ಭೇದಿ ಕಂಡು ಊಟದ ದೋಷ ಅಂತ ತಿಳಿದು ಮೂರು ದಿನ ಕಳೆದವರಿದ್ದಾರೆ. ಮುಂದೆ ವಸಡಿನಲ್ಲಿ, ಮೂಗಿನಲ್ಲಿ, ಕರುಳಿನಲ್ಲಿ ರಕ್ತ ಸೋರಬಹುದು. ಬೆಟ್ಟಕ್ಕೆ ಹೋಗಿದ್ದೆ, ಉಣುಗು ಕಚ್ಚಿತ್ತು, ಹತ್ತಿರದಲ್ಲಿ ಮಂಗ ಸತ್ತಿತ್ತು ಅನ್ನೋದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಾಯಿಬಿಟ್ಟು ಹೇಳಿ. ಈ ಜ್ವರಕ್ಕೆ ಬ್ರುಫೆನ್, ಆಸ್ಪಿರಿನ್ ನುಂಗಬೇಡಿ, ರಕ್ತ ಸೋರುವುದು ಹೆಚ್ಚಾಗ್ತದೆ. ಆಸ್ಪತ್ರೆ ಮುಟ್ಟುವ ತನಕ ಪ್ಯಾರಾಸಿಟಮಾಲ್ ಸಾಕು.

ಐದನೆಯದು ಒಣಗುವ ಮೈ. ವಾಂತಿಭೇದಿಯಲ್ಲಿ ಜೀವ ತೆಗೆಯೋದು ಹೆಚ್ಚಾಗಿ ನೀರು ಮತ್ತು ಉಪ್ಪಿನ ನಷ್ಟ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಬಂದಾಗ, ಪಶ್ಚಿಮ ಬಂಗಾಳದ ಬನ್‌ಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರ ಕೈಯಲ್ಲಿ ಸಲಾಯಿನ್ ಬಾಟಲಿ ಮುಗಿದುಹೋಯಿತು. ಅವರು ಸಕ್ಕರೆ, ಉಪ್ಪು, ಸೋಡಾ ಕಲಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನೂರಕ್ಕೆ ನಾಲ್ಕರೊಳಗೆ ಇಳಿಯಿತು. ಇವತ್ತು ಅದೇ ಓ.ಆರ್.ಎಸ್. ಪೊಟ್ಟಣ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಉಂಟು.

ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಣ್ಣ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಹೆಚ್ಚು ಉಪ್ಪು ಮಕ್ಕಳಿಗೆ ವಿಷ, ಅಳತೆ ತಪ್ಪಬೇಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ಕುಡಿಸಿ. ಗಂಜಿತಿಳಿ, ಎಳನೀರು ಕೊಡಬಹುದು. ಮೊಲೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಆರು ತಾಸು ಮೂತ್ರ ಹೋಗದಿದ್ದರೆ, ಮಗು ಅತ್ತರೆ ಕಣ್ಣೀರು ಬರದಿದ್ದರೆ, ಕುಡಿದದ್ದೆಲ್ಲ ಹೊರಗೆ ಬಂದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಮೊದಲ ಮಳೆಗೆ ಬೆಟ್ಟದ ಕಸವೆಲ್ಲ ಬಾವಿಗೆ, ಅಬ್ಬಿಗೆ ಇಳೀತದೆ. ಆ ತಿಂಗಳಾದರೂ ನೀರು ಕುದಿಸಿ ಕುಡಿಯಿರಿ.

ಐದು ಬೆರಳು ಮುಗೀತು. ಅಂಗೈ ಒಂದು ಉಳಿಯಿತು. ಹೊಟ್ಟೆಯೇ ಅಲ್ಲದ ಹೊಟ್ಟೆನೋವು ಒಂದುಂಟು. ನಲವತ್ತೈದು ಐವತ್ತು ದಾಟಿದವನು, ಅಥವಾ ಸಕ್ಕರೆ ಕಾಯಿಲೆ ಇದ್ದವನು, ಎದೆಗುಂಡಿಯ ಕೆಳಗೆ ಹಿಂಡ್ತದೆ, ಗ್ಯಾಸ್ ಅಂತ ಹೇಳಿ ಬೆವತು ಕೂತರೆ ಸೋಡಾ ಕುಡಿಸ್ತಾ ಕೂರಬೇಡಿ. ಅದು ಹೃದಯಾಘಾತ ಇರಬಹುದು. ಇ.ಸಿ.ಜಿ. ತೆಗೆದ ಮೇಲೆ ಮಾತ್ರ ಗ್ಯಾಸ್ ಅನ್ನಿ.

ಇವೆಲ್ಲ ಗಳಿಗೆಯ ಲೆಕ್ಕದವು. ತಿಂಗಳ ಲೆಕ್ಕದವೂ ಇವೆ. ಅನ್ನ ನುಂಗುವಾಗ ಎದೆಯಲ್ಲಿ ನಿಂತ ಹಾಗಾಗಿ, ಬರ್ತಾ ಬರ್ತಾ ಗಂಜಿ ಮಾತ್ರ ಇಳಿಯುವುದು, ಕಾರಣವಿಲ್ಲದೆ ಮೈ ಇಳಿಯುವುದು, ಮಲ ಹೋಗುವ ರೀತಿ ವಾರಗಟ್ಟಲೆ ಬದಲಾಗುವುದು. ಮಲದಲ್ಲಿ ರಕ್ತ ಕಂಡರೆ ಎಲ್ಲವೂ ಮೂಲವ್ಯಾಧಿ ಅಲ್ಲ. ಇವಕ್ಕೆ ಎಂಡೋಸ್ಕೋಪಿ, ಅಂದರೆ ಕೊಳವೆ ಹಾಕಿ ನೋಡುವ ಪರೀಕ್ಷೆ ಬೇಕು. ಕವಳದ ಮಾತನ್ನೂ ಆಡಿಬಿಡ್ತೇನೆ. ಅಡಿಕೆಯನ್ನೇ ಕ್ಯಾನ್ಸರಿನ ಪಟ್ಟಿಗೆ ಸೇರಿಸಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ವರದಿ ಪ್ರಕಟಿಸಿತು. ನಮ್ಮ ಬೆಳೆಗಾರರು ಅದನ್ನು ಒಪ್ಪಿಲ್ಲ. ಆ ವಾದಕ್ಕೆ ಬೇರೆ ಸಭೆ ಉಂಟು. ಆದರೆ ಕವಳಕ್ಕೆ ಹಾಕುವ ಹೊಗೆಸೊಪ್ಪಿನ ವಿಷಯದಲ್ಲಿ ಯಾವ ವಾದವೂ ಇಲ್ಲ. ಬಾಯಿಗೂ ಅನ್ನನಾಳಕ್ಕೂ ಅದು ಕ್ಯಾನ್ಸರ್ ತರ್ತದೆ. ನಮ್ಮ ಬೆಳೆಯ ಅಭಿಮಾನಕ್ಕೆ ಹೊಗೆಸೊಪ್ಪನ್ನು ಯಾಕೆ ಕಾಯಬೇಕು?

ಈಗ ಹೊರಡುವ ಮಾತು. ನಮ್ಮ ಊರುಗಳು ಎಲ್ಲಿವೆ ಅಂತ ನೋಡಿ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರಿನ ಆಸುಪಾಸು, ಯಲ್ಲಾಪುರದಿಂದ ಎಪ್ಪತ್ತು. ಸಿದ್ದಾಪುರದಿಂದ ಸಾಗರದ ಮೇಲೆ ಶಿವಮೊಗ್ಗಕ್ಕೆ ನೂರರ ಮೇಲೆ. ಮಣಿಪಾಲ ಇನ್ನೂ ದೂರ. ಕಾರವಾರದಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಉಂಟು, ಆದರೆ ನಾವು ಘಟ್ಟ ಇಳಿಯಬೇಕು, ಮಳೆಗಾಲದಲ್ಲಿ ದೇವಿಮನೆ, ಅರಬೈಲು ಘಟ್ಟಗಳ ಗುಡ್ಡ ಕುಸಿಯೋದು ನಿಮಗೆ ಗೊತ್ತೇ ಉಂಟು. ಕರಾವಳಿಯವರ ಪಾಡೂ ಬೇರೆಯಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಹತ್ತಿರ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತರು. ಆಗ ಇಡೀ ಜಿಲ್ಲೆ ದೊಡ್ಡ ಆಸ್ಪತ್ರೆ ಬೇಕು ಅಂತ ಎದ್ದು ಕೂಗಿತು. ಆ ಕೂಗು ನ್ಯಾಯವಾದದ್ದು, ನಾವು ಬಿಡುವ ಹಾಗಿಲ್ಲ. ಆದರೆ ಕಟ್ಟಡ ಏಳುವ ತನಕ ಅಪೆಂಡಿಕ್ಸ್ ಕಾಯೋದಿಲ್ಲ. ಪೇಟೆಯವನು ಎರಡು ತಾಸು ಕಾದು ನೋಡಬಹುದು. ನಮ್ಮ ಆ ಎರಡು ತಾಸು ದಾರಿಯಲ್ಲೇ ಹೋಗ್ತದೆ. ಆಸ್ಪತ್ರೆ ದೂರ ಇದ್ದವನು ಬೇಗ ಹೊರಡಬೇಕು, ನಾವು ದೂರ ಅಂತಲೇ ತಡ ಮಾಡ್ತೇವೆ.

ಹೊರಡುವ ಮುಂಚೆ ಮಾಡಬಾರದ್ದು ಹೇಳ್ತೇನೆ. ಜೋರು ಹೊಟ್ಟೆನೋವಿಗೆ ಹರಳೆಣ್ಣೆ ಕೊಡಬೇಡಿ, ಭೇದಿ ಮಾಡಿಸಬೇಡಿ, ಎನಿಮಾ ಬೇಡ. ಹೊಟ್ಟೆ ತಿಕ್ಕಬೇಡಿ, ಬರೆ ಹಾಕಬೇಡಿ. ಆಪರೇಷನ್ ಬೇಕಾಗಬಹುದು ಅನ್ನುವ ರೋಗಿಗೆ ಊಟ, ಕಾಫಿ ಬೇಡ. ಸಾರಾಯಿ ಗುಟುಕಂತೂ ಬೇಡವೇ ಬೇಡ. ವಾಂತಿ ಮಾಡುವವನನ್ನು ಮಗ್ಗುಲಾಗಿ ಮಲಗಿಸಿ. ನೋವು ಎಷ್ಟು ಗಂಟೆಗೆ ಶುರುವಾಯ್ತು, ಎಲ್ಲಿ ಶುರುವಾಯ್ತು, ಮಲ ಮೂತ್ರ ಕೊನೆಗೆ ಯಾವಾಗ ಹೋಯ್ತು ಅಂತ ಒಂದು ಚೀಟಿಯಲ್ಲಿ ಬರೆಯಿರಿ. ತಿನ್ನುವ ಗುಳಿಗೆಗಳನ್ನೆಲ್ಲ ಕವರಿನಲ್ಲಿ ಹಾಕಿ ಒಯ್ಯಿರಿ. 108ಕ್ಕೆ ಫೋನು ಮಾಡಿ. ಸಿಗ್ನಲ್ ಇಲ್ಲದ ಊರಿನಲ್ಲಿ ಯಾವ ದಿಬ್ಬ ಹತ್ತಿದರೆ ಸಿಗ್ತದೆ, ರಾತ್ರಿ ಯಾರ ಜೀಪು ಬರ್ತದೆ, ಕಾಲುಸಂಕ ದಾಟಿಸಲು ಜೋಲಿ ಹಿಡಿಯುವ ನಾಲ್ವರು ಯಾರು, ಇದನ್ನು ಮಳೆಗಾಲಕ್ಕೆ ಮುಂಚೆ ಊರಿನವರು ಕೂತು ತೀರ್ಮಾನ ಮಾಡಿಟ್ಟುಕೊಳ್ಳಿ.

ಎಲ್ಲಿಗೆ ಒಯ್ಯಬೇಕು? ಹೊಟ್ಟೆಯ ಆಪರೇಷನ್ನಿಗೆ ಸರ್ಜನ್ ಬೇಕು, ಅರಿವಳಿಕೆ ಡಾಕ್ಟರು ಬೇಕು, ರಕ್ತ ಬೇಕು. ಮೂರೂ ಒಟ್ಟಿಗೆ ಇದ್ದರೆ ಮಾತ್ರ ಕೆಲಸ. ತಾಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಸಲಾಯಿನ್ ಹಾಕಿಸಿ, “ಈ ರಾತ್ರಿ ಇಲ್ಲಿ ಆಪರೇಷನ್ ಆಗ್ತದಾ?” ಅಂತ ನೇರ ಕೇಳಿ. ಆಗೋದಿಲ್ಲ ಅಂದರೆ ಆಗುವ ಜಾಗಕ್ಕೆ ಚೀಟಿ ಬರೆಸಿಕೊಂಡು, ಅಲ್ಲಿಗೆ ಫೋನು ಮಾಡಿಸಿ ಹೊರಡಿ. ನಾಲ್ಕು ಬಾಗಿಲು ತಟ್ಟಿ ಸುತ್ತುವ ಹಾಗೆ ಆಗಬಾರದು. ಮತ್ತೆ ನಮ್ಮ ಬೇಡಿಕೆ ಪಟ್ಟಿಯಲ್ಲಿ ಬರೀ ‘ಆಸ್ಪತ್ರೆ’ ಅಂತ ಬರೆಯೋದು ಸಾಲದು. ಪ್ರತಿ ತಾಲೂಕಿನಲ್ಲಿ ಹಗಲು ರಾತ್ರಿ ಈ ಮೂರೂ ಇರಬೇಕು ಅಂತ ಬರೆಯಬೇಕು.

ಕೊನೆಗೆ ದುಡ್ಡು. ಬೇಗ ಹೋದ ಅಪೆಂಡಿಕ್ಸ್ ರೋಗಿ ಸಾಮಾನ್ಯವಾಗಿ ಮೂರು ನಾಲ್ಕು ದಿನಕ್ಕೆ ಮನೆಗೆ ಬರ್ತಾನೆ. ಒಡೆದ ಮೇಲೆ ಹೋದವನು ಎರಡು ವಾರ ಮಲಗಬಹುದು, ಐಸಿಯು ಬೇಕಾಗಬಹುದು. ಆ ಬಿಲ್ಲಿಗೆ ಯಾರೂ ತಯಾರಿರೋದಿಲ್ಲ. ಆಗ ಮನೆಯಲ್ಲಿದ್ದ ಅಡಿಕೆ ಬಂದ ದರಕ್ಕೆ ಹೋಗ್ತದೆ, ಮುಂದಿನ ಬೆಳೆಯ ಮೇಲೆ ಮುಂಗಡ ಹುಟ್ತದೆ. ದರ ಏರುವ ತನಕ ಅಡಿಕೆ ಇಟ್ಟುಕೊಳ್ಳುವ ಶಕ್ತಿ ರೈತನಿಗೆ ಬೇಕು ಅಂತ ನಾವು ಇಷ್ಟು ವರ್ಷ ಹೇಳ್ತಾ ಬಂದೆವು. ಒಂದು ರಾತ್ರಿಯ ತಡ ಆ ಶಕ್ತಿಯನ್ನು ಕಿತ್ತುಕೊಳ್ತದೆ.

ಸಹಕಾರಿ ಸಂಘದ ಸದಸ್ಯರಿಗೆ ಯಶಸ್ವಿನಿ ಉಂಟು. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂದ ಯೋಜನೆ ಅದು. ಮತ್ತೆ ಬಂದಾಗ ಗ್ರಾಮೀಣ ಸಂಘದ ಸದಸ್ಯನ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಇಟ್ಟಿದ್ದರು, ಕುಟುಂಬಕ್ಕೆ 5 ಲಕ್ಷದ ತನಕ ಚಿಕಿತ್ಸೆ. ಹೆಸರು ನೋಂದಿಸುವ ದಿನಗಳು ವರ್ಷಕ್ಕೊಮ್ಮೆ ಬಂದು ಮುಗೀತವೆ, ಕಾಯಿಲೆ ಬಂದ ಮೇಲೆ ಓಡಿದರೆ ಆಗೋದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಉಂಟು. ಎಪಿಎಲ್ ಕಾರ್ಡಿನವರಿಗೆ ನಿಗದಿ ದರದ ನೂರಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ತನಕ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು, ತುರ್ತು ಪಟ್ಟಿಯ ಚಿಕಿತ್ಸೆಗೆ ಅದು ಬೇಕಿಲ್ಲ. ಜಮೀನು ಇದ್ದವನಿಗೆ ಏನೂ ಸಿಗೋದಿಲ್ಲ ಅಂತ ಕೇಳದೇ ಬಂದವರೇ ನಮ್ಮಲ್ಲಿ ಹೆಚ್ಚು. ರೇಷನ್ ಕಾರ್ಡು, ಆಧಾರ್, ಯಶಸ್ವಿನಿ ಕಾರ್ಡು ಒಂದೇ ಕವರಿನಲ್ಲಿ ಹಾಕಿ ಬಾಗಿಲ ಹತ್ತಿರದ ಮೊಳೆಗೆ ತೂಗುಹಾಕಿ. ದಾಖಲಾಗುವಾಗಲೇ ತೋರಿಸಿ, ಬಿಲ್ಲು ಬಂದ ಮೇಲೆ ಅಲ್ಲ.

ಇವತ್ತು ಮನೆಗೆ ಹೋದವರು ಮೂರು ಕೆಲಸ ಮಾಡಿ. ನೋವಿನ ಗುಳಿಗೆ ಯಾರು ಎಷ್ಟು ದಿನದಿಂದ ತಿಂತಾ ಇದ್ದಾರೆ ಅಂತ ಕೇಳಿ. ಐದು ಬೆರಳಿನ ಲಕ್ಷಣಗಳನ್ನು ಆಯಿಗೆ, ಅಪ್ಪಯ್ಯಗೆ, ಮಕ್ಕಳಿಗೆ, ತೋಟಕ್ಕೆ ಬರುವ ಆಳುಗಳಿಗೆ ಹೇಳಿ. ಕೊನೆಗೌಡನ ಹೊಟ್ಟೆಯೂ ನಮ್ಮ ಹೊಟ್ಟೆಯ ಹಾಗೇ ನೋಯ್ತದೆ, ಅವನನ್ನು ಒಯ್ಯಲಿಕ್ಕೂ ಜೀಪು ಹೊರಡಬೇಕು. ಮೂರನೆಯದು, ಸೊಸೈಟಿಯಲ್ಲಿ ಯಶಸ್ವಿನಿಯ ನೋಂದಣಿ ಯಾವಾಗ ಅಂತ ನಾಳೆಯೇ ವಿಚಾರಿಸಿ.